65 ಇಂಚಿನ ಓಲೆಡ್ ತಗೊಳ್ಳೋದಾ, 75 ಇಂಚಿನ ಮಿನಿ ಎಲ್‌ಇಡಿ ತಗೊಳ್ಳೋದಾ? ಸಿನಿಮಾ, ಗೇಮಿಂಗ್ ಎರಡಕ್ಕೂ ಬೇಕು

ಹೊಸಗೋಡೆ:
ಎಲ್ಲರಿಗೂ ನಮಸ್ಕಾರ. ಮನೆಗೆ ದೊಡ್ಡ ಸ್ಮಾರ್ಟ್ ಟಿವಿ ತಗೋಬೇಕು ಅಂತಿದೀವಿ. ತಗೊಂಡ್ರೆ ಏಳೆಂಟು ವರ್ಷ ಬಾಳಿಕೆ ಬರಬೇಕು, ಹಾಗಾಗಿ ಆತುರ ಇಲ್ಲ. ಸೋಫಾದಿಂದ ಗೋಡೆಗೆ ಟೇಪು ಹಿಡಿದು ನೋಡಿದೆ, ಕಣ್ಣಿಂದ ಪರದೆಗೆ 2.7 ಮೀಟರ್ ಬರುತ್ತೆ. ಎಡಗಡೆ ದೊಡ್ಡ ಕಿಟಕಿ, ಮಧ್ಯಾಹ್ನ ಬೆಳಕು ಜಾಸ್ತಿ. ಹಗಲೆಲ್ಲ ಅಪ್ಪ ಅಮ್ಮ ಸುದ್ದಿ, ಧಾರಾವಾಹಿ ನೋಡ್ತಾರೆ. ರಾತ್ರಿ ಹತ್ತರ ಮೇಲೆ ಟಿವಿ ನಂದು, ಪಿಎಸ್5 (ಗೇಮ್ ಕನ್ಸೋಲ್) ಆಡ್ತೀನಿ. ರಜೆ ದಿನ ಎಲ್ಲರೂ ಕೂತು ಸಿನಿಮಾ.

ಹೆಚ್ಚುಕಡಿಮೆ ಒಂದೇ ದುಡ್ಡಿಗೆ 65 ಇಂಚಿನ ಓಲೆಡ್ಡೂ ಸಿಗ್ತಿದೆ, 75 ಇಂಚಿನ ಮಿನಿ ಎಲ್‌ಇಡಿನೂ ಸಿಗ್ತಿದೆ. 75 ಅಂದ್ರೆ ಈ ಅಂತರಕ್ಕೆ ತೀರಾ ದೊಡ್ಡದಾಗುತ್ತಾ? ವಾಹಿನಿಯ ಲೋಗೋ ಓಲೆಡ್ ಮೇಲೆ ಅಚ್ಚೊತ್ತಿದ ಹಾಗೆ ಉಳಿದುಬಿಡುತ್ತೆ ಅಂತಾರೆ, ನಿಜಾನಾ? ಮತ್ತೆ ಎಲ್ಲ ಡಬ್ಬದ ಮೇಲೂ 120, 144, 240 ಅಂತ ಬರೆದಿರ್ತಾರಲ್ಲ, ಅದರಲ್ಲಿ ಯಾವುದನ್ನ ನಂಬೋದು?

ಕಪ್ಪುಮೋಡ:
ಓಲೆಡ್. ಯೋಚನೆನೇ ಬೇಡ. ಅದರಲ್ಲಿ ಹಿಂದುಗಡೆ ಲೈಟೇ ಇಲ್ಲ, ಒಂದೊಂದು ಪಿಕ್ಸೆಲ್ಲೂ ತಾನೇ ಬೆಳಗುತ್ತೆ. ಕಪ್ಪು ಬೇಕಾದ ಕಡೆ ಪೂರ್ತಿ ಆರಿಹೋಗುತ್ತೆ. ರಾತ್ರಿ ಲೈಟ್ ಆರಿಸಿ ಒಂದು ಬಾಹ್ಯಾಕಾಶದ ಗೇಮ್ ಆಡಿ ನೋಡಿ, ನಕ್ಷತ್ರದ ಪಕ್ಕದಲ್ಲೇ ಕಡುಗಪ್ಪು. ಮಿನಿ ಎಲ್‌ಇಡಿಯಲ್ಲಿ ಹಿಂದಿರೋ ಪುಟ್ಟ ದೀಪಗಳು ಗುಂಪುಗುಂಪಾಗಿ, ಅಂದ್ರೆ ವಲಯವಾಗಿ, ಹೊತ್ತಿ ಆರ್ತವೆ; ಎಷ್ಟೇ ವಲಯ ಕೊಟ್ಟರೂ ಸಬ್‌ಟೈಟಲ್ ಸುತ್ತ ಬೂದು ಪ್ರಭೆ ಕಾಣಿಸುತ್ತೆ.

ಮಂದಬೆಳಕು:
@ಕಪ್ಪುಮೋಡ, ಅವರು ಬರೆದಿದ್ದನ್ನ ಇನ್ನೊಂದ್ಸಲ ಓದಿ. ಹಗಲೆಲ್ಲ ಟಿವಿ ಓಡುತ್ತೆ, ಪಕ್ಕದಲ್ಲಿ ಕಿಟಕಿ ಇದೆ, ನೋಡೋದು ಸುದ್ದಿ. ರಾತ್ರಿ ಎರಡು ಗಂಟೆ ಆಟಕ್ಕೋಸ್ಕರ ಇಡೀ ದಿನದ ನೋಟ ಬಿಟ್ಟುಕೊಡಬೇಕಾ? ಬಿಳಿ ಹಿನ್ನೆಲೆ ಪರದೆ ತುಂಬ ಬಂದಾಗ ಓಲೆಡ್ ತಾನಾಗೇ ಬೆಳಕು ಇಳಿಸುತ್ತೆ. ವಿದ್ಯುತ್ತು, ಬಿಸಿ ಎರಡನ್ನೂ ಹತೋಟಿಯಲ್ಲಿಡೋಕೆ ಅದನ್ನ ಹಾಗೇ ಮಾಡಿರೋದು. ಮಿನಿ ಎಲ್‌ಇಡಿಗೆ ಆ ಕಷ್ಟ ಕಡಿಮೆ, ಬಿಸಿಲಿದ್ರೂ ಚಿತ್ರ ತೊಳೆದುಹೋಗಲ್ಲ.

ಅಳತೆಗಾರ:
ಗಾತ್ರದ ಪ್ರಶ್ನೆಗೆ ನಾನು ಲೆಕ್ಕ ಕೊಡ್ತೀನಿ. ಇಂಚು ಅಂತ ಬರೆದಿರೋದು ಮೂಲೆಯಿಂದ ಮೂಲೆಗೆ. 65 ಇಂಚಿನ ಪರದೆ ಅಗಲ ಸುಮಾರು 144 ಸೆಂ.ಮೀ., ಎತ್ತರ 81. 75ಕ್ಕೆ 166 ಮತ್ತು 93. ನಿಮ್ಮ 2.7 ಮೀಟರ್‌ನಿಂದ ನೋಡಿದ್ರೆ 65 ಇಂಚು ಕಣ್ಣಿಗೆ ಸುಮಾರು 30 ಡಿಗ್ರಿ ತುಂಬುತ್ತೆ, 75 ಇಂಚು 34 ಡಿಗ್ರಿ. ಸಿನಿಮಾ ಎಂಜಿನಿಯರುಗಳ ಸಂಸ್ಥೆ ಎಸ್‌ಎಂಪಿಟಿಇ ಹೇಳೋದು 30 ಡಿಗ್ರಿ ಆದರೂ ಇರಲಿ ಅಂತ, ಚಿತ್ರಮಂದಿರಗಳ ಗುಣಮಟ್ಟಕ್ಕೆ ಪ್ರಮಾಣಪತ್ರ ಕೊಡೋ ಟಿಎಚ್‌ಎಕ್ಸ್‌ನವರು 40 ಅಂತಾರೆ. ಅಂದ್ರೆ 75 ನಿಮಗೆ ದೊಡ್ಡದಲ್ಲವೇ ಅಲ್ಲ. 85 ಇಂಚು ಇಟ್ಟರೂ 38 ಡಿಗ್ರಿ ಅಷ್ಟೇ.

ಲೆಕ್ಕ ನಂಬೋದು ಬೇಡ ಅನ್ನಿಸಿದ್ರೆ ಹಳೇ ಪೇಪರ್ ಹಾಳೆಗಳನ್ನ 166 × 93ಕ್ಕೆ ಅಂಟಿಸಿ ಗೋಡೆಗೆ ಹಚ್ಚಿ. ಎರಡು ದಿನ ಹಾಗೇ ಬಿಡಿ. ಕೂತು ನೋಡಿ, ಓಡಾಡಿ ನೋಡಿ. ಬಾಗಿಲು ತೆಗೆದಾಗ ತಗಲುತ್ತಾ, ಪ್ಲಗ್ಗು ಮುಚ್ಚಿಹೋಗುತ್ತಾ, ಕಿಟಕಿ ಬೆಳಕು ಹಾಳೆಯ ಯಾವ ಭಾಗಕ್ಕೆ ಎಷ್ಟು ಹೊತ್ತಿಗೆ ಬೀಳುತ್ತೆ ಅನ್ನೋದೂ ಗೊತ್ತಾಗಿಬಿಡುತ್ತೆ.

ಜಾಯ್‌ಸ್ಟಿಕ್_ಜಗ್ಗ:
ಪೇಪರ್ ಐಡಿಯಾ ಸೂಪರ್ 👌

ಜಾಯ್‌ಸ್ಟಿಕ್_ಜಗ್ಗ:
ಈಗ 120ರ ವಿಷಯಕ್ಕೆ ಬರ್ತೀನಿ, ಯಾಕಂದ್ರೆ ಜನ ಹೆಚ್ಚಾಗಿ ಏಮಾರೋದು ಇಲ್ಲೇ. ಡಬ್ಬದ ಮೇಲೆ "ಮೋಷನ್" ಅಂತಲೋ "ರೇಟ್" ಅಂತಲೋ ಏನೋ ಹೆಸರು ಸೇರಿಸಿ 240 ಅಂತ ಬರೆದಿದ್ರೆ ಅದನ್ನ ಮರೆತುಬಿಡಿ, ಅದು ಮಾರಾಟದ ಸಂಖ್ಯೆ. ನೋಡಬೇಕಾದ್ದು ಪ್ಯಾನೆಲ್‌ನ (ಪರದೆಯ) ನಿಜವಾದ ರಿಫ್ರೆಶ್ ರೇಟು, ಅಂದ್ರೆ ಸೆಕೆಂಡಿಗೆ ಎಷ್ಟು ಸಲ ಚಿತ್ರ ಬದಲಿಸುತ್ತೆ ಅನ್ನೋದು; ಅದನ್ನ ಹರ್ಟ್ಜ್‌ನಲ್ಲಿ ಹೇಳ್ತಾರೆ. ಇನ್ನೂ ಒಂದು ಚಾಲಾಕಿ ಇದೆ. 60 ಹರ್ಟ್ಜ್ ಪ್ಯಾನೆಲ್ಲನ್ನೇ 120ಕ್ಕೆ ಓಡಿಸೋಕೆ ಎರಡೆರಡು ಸಾಲುಗಳನ್ನ ಜೋಡಿಯಾಗಿ ಬೆಳಗಿಸ್ತಾರೆ. 120 ಬರುತ್ತೆ, ಆದರೆ ಅಡ್ಡಸಾಲುಗಳ ವಿವರ ಅರ್ಧಕ್ಕೆ ಇಳಿದಿರುತ್ತೆ. ಹಾಗಾಗಿ ಅಂಗಡಿಯಲ್ಲಿ "4ಕೆ ರೆಸಲ್ಯೂಶನ್‌ನಲ್ಲೇ 120 ತಗೊಳ್ಳುತ್ತಾ?" ಅಂತ ಕೇಳಿ. ಬರೀ "120 ಇದೆಯಾ?" ಅಂದ್ರೆ ಎಲ್ಲರೂ ಹೂಂ ಅಂತಾರೆ.

ಕನ್ಸೋಲ್‌ನಿಂದ ಟಿವಿಗೆ ಚಿತ್ರ, ಧ್ವನಿ ತರೋ ವೈರಿನ ಜೋಡಣೆ ಎಚ್‌ಡಿಎಂಐ; ಅದರ 2.1 ಅನ್ನೋ ಹೆಸರನ್ನೂ ಪೂರ್ತಿ ನಂಬಬೇಡಿ. 2.0ದಲ್ಲಿ ಸೆಕೆಂಡಿಗೆ 18 ಗಿಗಾಬಿಟ್ ಹೋಗುತ್ತೆ, 2.1ರಲ್ಲಿ 48ರ ತನಕ. ಆದರೆ 2.1ರಲ್ಲಿರೋ ಸೌಲಭ್ಯಗಳು ಬಹುಪಾಲು ಕಡ್ಡಾಯ ಅಲ್ಲ, ತಯಾರಕರ ಇಚ್ಛೆ. 2021ರ ಕೊನೆಗೆ ಇದೇ ದೊಡ್ಡ ಗಲಾಟೆ ಆಗಿತ್ತು. ಅದಕ್ಕೇ ಲೇಬಲ್ ಬಿಟ್ಟು ಮೂರು ವಿಷಯ ಕೇಳಿ: 4ಕೆ 120, ವಿಆರ್‌ಆರ್, ಎಎಲ್‌ಎಲ್‌ಎಂ. ಮೂರನೇದು ಕನ್ಸೋಲ್ ಶುರುವಾದ ತಕ್ಷಣ ಟಿವಿ ತಾನೇ ಗೇಮ್ ಮೋಡ್‌ಗೆ ಹೋಗೋ ವ್ಯವಸ್ಥೆ.

ಮಲ್ಲಿಗಿದಂಡಿ:
ಈ ವಿಆರ್‌ಆರ್ ಅಂದ್ರ ಏನ್ರಿ? ಎಲ್ಲಾರೂ ಹೇಳ್ತಾರ, ಯಾರೂ ಬಿಡಿಸಿ ಹೇಳಂಗಿಲ್ಲ.

ಜಾಯ್‌ಸ್ಟಿಕ್_ಜಗ್ಗ:
@ಮಲ್ಲಿಗಿದಂಡಿ ಹೇಳ್ತೀನಿ ಅಕ್ಕಾ. ಗೇಮ್‌ನಲ್ಲಿ ಒಂದೊಂದು ಫ್ರೇಮ್ ತಯಾರಾಗೋಕೆ ಒಂದೊಂದು ಹೊತ್ತು ಬೇಕು, ಸ್ಫೋಟ ಬಂದ್ರೆ ಕನ್ಸೋಲ್ ನಿಧಾನ ಆಗುತ್ತೆ. ಟಿವಿ ಮಾತ್ರ ತನ್ನ ತಾಳಕ್ಕೇ ಚಿತ್ರ ಬದಲಿಸ್ತಾ ಇರುತ್ತೆ. ಎರಡಕ್ಕೂ ಹೊಂದಾಣಿಕೆ ತಪ್ಪಿದಾಗ ಚಿತ್ರ ಅಡ್ಡಕ್ಕೆ ಹರಿದ ಹಾಗೆ ಕಾಣುತ್ತೆ, ಇಲ್ಲ ಜಗ್ಗಿ ಜಗ್ಗಿ ಓಡುತ್ತೆ. ವಿಆರ್‌ಆರ್ ಇದ್ರೆ ಕನ್ಸೋಲ್ ಫ್ರೇಮ್ ಕೊಟ್ಟಾಗಲೇ ಟಿವಿ ಚಿತ್ರ ಬದಲಿಸುತ್ತೆ. ಪಿಎಸ್5ಗೆ ಇದು 2022ರ ಏಪ್ರಿಲ್‌ನಲ್ಲಿ ಬಂತು, ಅದರಲ್ಲಿ 48ರಿಂದ 120 ಹರ್ಟ್ಜ್ ಒಳಗೆ ಕೆಲಸ ಮಾಡುತ್ತೆ.

ಮಲ್ಲಿಗಿದಂಡಿ:
ಈಗ ತಿಳೀತ್ ನೋಡ್ರಿ. ಹಂಗಾರ ಬರೇ ಸಿನಿಮಾ ನೋಡಾವ್ರಿಗೆ ಇದು ಬೇಕಾಗಿಲ್ಲ?

ಜಾಯ್‌ಸ್ಟಿಕ್_ಜಗ್ಗ:
ಬೇಕಾಗಿಲ್ಲ ಅಕ್ಕಾ.

ಮಂದಬೆಳಕು:
ಆದರೂ ಸಿನಿಮಾಗೆ 120 ಹರ್ಟ್ಜ್ ಪ್ಯಾನೆಲ್ ಒಳ್ಳೇದೇ. ಸಿನಿಮಾ ಸೆಕೆಂಡಿಗೆ 24 ಫ್ರೇಮು. 120ನ್ನ 24ರಿಂದ ಭಾಗಿಸಿದ್ರೆ ಸರಿಯಾಗಿ 5, ಪ್ರತಿ ಫ್ರೇಮೂ ಅಷ್ಟೇ ಹೊತ್ತು ನಿಲ್ಲುತ್ತೆ. 60ರಲ್ಲಿ ಒಂದು ಫ್ರೇಮ್ ಮೂರು ಸಲ, ಇನ್ನೊಂದು ಎರಡು ಸಲ ಬರುತ್ತೆ. ಕ್ಯಾಮೆರಾ ನಿಧಾನಕ್ಕೆ ಅಡ್ಡ ಸರಿಯೋವಾಗ ಆ ಕುಲುಕು ಕಾಣುತ್ತೆ. ಕೆಲವು 60ರ ಟಿವಿಗಳು ಇದನ್ನ ಸರಿ ಮಾಡ್ಕೊಳ್ತವೆ, ಕೆಲವು ಮಾಡಲ್ಲ.

ಸ್ಕ್ರೂಡ್ರೈವರ್:
ರಿಪೇರಿ ಕೆಲಸ ಮಾಡೋನು ನಾನು. ಅಚ್ಚು ಉಳಿಯೋ ಪ್ರಶ್ನೆಗೆ ಉತ್ತರ: ನಿಜ. ಆದರೆ ಜನ ಹೆದರಿಸೋ ಥರ ಒಂದು ವಾರದಲ್ಲಿ ಆಗಲ್ಲ. ಒಂದೇ ವಾಹಿನಿಯನ್ನ ದಿನಕ್ಕೆ ಏಳೆಂಟು ತಾಸಿನಂತೆ, ಬ್ರೈಟ್‌ನೆಸ್ ಪೂರ್ತಿ ಏರಿಸಿ, ವರ್ಷಗಟ್ಟಲೆ ಹಾಕಿದ್ರೆ ಕೆಳಗಿನ ಕೆಂಪು ಪಟ್ಟಿ, ಮೂಲೆಯ ಲೋಗೋ ಎರಡೂ ಸವೆತವಾಗಿ ಕೂತುಕೊಳ್ತವೆ. ಪರದೆ ಮೇಲೆ ಪೂರ್ತಿ ಒಂದೇ ಬಣ್ಣ ಹಾಕಿದಾಗ ಚೆನ್ನಾಗಿ ಕಾಣುತ್ತೆ, ಅದರಲ್ಲೂ ಕೆಂಪು, ಬೂದು ಹಿನ್ನೆಲೆಯಲ್ಲಿ. ಒಂದ್ಸಲ ಕೂತರೆ ತೆಗೆಯೋ ದಾರಿ ಇಲ್ಲ, ಪ್ಯಾನೆಲ್ಲೇ ಬದಲಿಸಬೇಕು. ಪ್ಯಾನೆಲ್ ಅಂದ್ರೆ ಹೆಚ್ಚುಕಡಿಮೆ ಹೊಸ ಟಿವಿ ದುಡ್ಡು.

ಓಲೆಡ್ ಇಟ್ಕೊಂಡಿರೋರಿಗೆ ಒಂದು ಮಾತು, ದಯವಿಟ್ಟು ಕೇಳಿ. ರಾತ್ರಿ ರಿಮೋಟ್‌ನಲ್ಲಿ ಆಫ್ ಮಾಡಿ, ಗೋಡೆ ಸ್ವಿಚ್ ಆರಿಸಬೇಡಿ. ನಾಲ್ಕೈದು ಗಂಟೆ ಓಡಿದ ಮೇಲೆ ಟಿವಿ ಸ್ಟ್ಯಾಂಡ್‌ಬೈಗೆ ಹೋದಾಗ ಪಿಕ್ಸೆಲ್ಲುಗಳನ್ನ ತಾನೇ ಅಳೆದು ಸರಿ ಮಾಡ್ಕೊಳ್ಳುತ್ತೆ. ಆಗ ಒಳಗಿಂದ "ಟಕ್" ಅಂತ ರಿಲೇ ಸದ್ದು ಬರಬಹುದು, ಗಾಬರಿ ಬೇಡ. ದಿನಾ ಕರೆಂಟೇ ಕಿತ್ತುಬಿಟ್ರೆ ಆ ಕೆಲಸ ನಡೆಯೋದೇ ಇಲ್ಲ.

ಹಾಗಂತ ಎಲ್‌ಇಡಿ ಟಿವಿಗೆ ಏನೂ ಆಗಲ್ಲ ಅಂತ ಯಾರೂ ತಿಳ್ಕೋಬೇಡಿ. ನನ್ನ ಮೇಜಿಗೆ ಬರೋದರಲ್ಲಿ ಹೆಚ್ಚು ಪಾಲು ಬ್ಯಾಕ್‌ಲೈಟ್ ಪಟ್ಟಿ ಸುಟ್ಟಿರೋವೇ. ಧ್ವನಿ ಬರುತ್ತೆ, ಚಿತ್ರ ಇಲ್ಲ. ಟಾರ್ಚ್ ಹಿಡಿದು ಓರೆಯಾಗಿ ನೋಡಿದ್ರೆ ಒಳಗೆ ಚಿತ್ರ ಮಸುಕಾಗಿ ಓಡ್ತಾ ಇರುತ್ತೆ. ಇಡೀ ದಿನ ಬ್ಯಾಕ್‌ಲೈಟ್ 100ರಲ್ಲಿ ಇಟ್ಟು ಓಡಿಸಿದ್ರೆ ಬೇಗ ಹೋಗುತ್ತೆ.

ಕಪ್ಪುಮೋಡ:
ಇದನ್ನೇ ನಾನೂ ಹೇಳೋದು. ಓಲೆಡ್ ಬಗ್ಗೆ ಮಾತ್ರ ಹೆದರಿಸ್ತಾರೆ. ಟಿವಿಗಳನ್ನ ಪರೀಕ್ಷಿಸೋ ಜಾಲತಾಣ ಆರ್‌ಟಿಂಗ್ಸ್‌ನವರು 2022ರ ಕೊನೆಗೆ 100 ಟಿವಿಗಳನ್ನ ಒಟ್ಟಿಗೆ ಓಡಿಸೋ ಪರೀಕ್ಷೆ ಶುರು ಮಾಡಿದ್ರಲ್ಲ, ಅದರಲ್ಲಿ ಅಂಚಿನಿಂದ ಮಾತ್ರ ಬೆಳಕು ಕೊಡೋ ತೆಳ್ಳಗಿನ ಎಲ್‌ಇಡಿ ಟಿವಿಗಳ ಪಾಡು ನೋಡಿ. ಬಿಸಿಗೆ ಒಳಗಿನ ಹಾಳೆ ಸೊಟ್ಟಗಾಗಿ ಪರದೆ ತುಂಬ ಕಲೆ.

ಮಂದಬೆಳಕು:
ಅದೇ ಪರೀಕ್ಷೆಯಲ್ಲಿ ಓಲೆಡ್‌ಗಳ ಮೇಲೆ ಸುದ್ದಿ ವಾಹಿನಿಯ ಪಟ್ಟಿ ಕೂತಿದ್ದನ್ನೂ ಹೇಳಬೇಕಲ್ವಾ? ಇವರ ಮನೆಯಲ್ಲಿ ನೋಡೋದೂ ಸುದ್ದಿನೇ. ಮತ್ತೆ ಅಂಚಿನ ಬೆಳಕಿನ ಟಿವಿ ಬಗ್ಗೆ ಅವರು ಕೇಳೇ ಇಲ್ಲ. ಮಿನಿ ಎಲ್‌ಇಡಿಯಲ್ಲಿ ದೀಪಗಳು ಪರದೆ ಹಿಂದೆ ಉದ್ದಗಲಕ್ಕೂ ಹರಡಿರ್ತವೆ.

ಕಪ್ಪುಮೋಡ:
ಆ ಪರೀಕ್ಷೆ ಉದ್ದೇಶಪೂರ್ವಕವಾಗಿ ಕಠಿಣ. ಮನೆಯಲ್ಲಿ ಯಾರೂ ಹಾಗೆ ಓಡಿಸಲ್ಲ.

ಮಂದಬೆಳಕು:
ಹಗಲೆಲ್ಲ ಸುದ್ದಿ ನೋಡೋ ಹಿರಿಯರಿರೋ ಮನೆಯಲ್ಲಿ ಓಡಿಸ್ತಾರೆ. ನಮ್ಮನೆಯಲ್ಲೂ ಓಡಿಸ್ತಾರೆ.

ಚುಕ್ಕಿ_ಚಿತ್ತಾರ:
ಇಬ್ಬರೂ ಸ್ವಲ್ಪ ನಿಲ್ಲಿ. ಓಲೆಡ್‌ನಲ್ಲೇ ಎರಡು ಬಗೆ ಇದೆ, ಅದನ್ನ ಯಾರೂ ಹೇಳಲಿಲ್ಲ. ಒಂದು ಬಿಳಿ ಬೆಳಕಿಗೆ ಬಣ್ಣದ ಸೋಸುಪದರ ಹಾಕೋದು, ಎಲ್‌ಜಿ ಡಿಸ್‌ಪ್ಲೇಯವರದ್ದು. ಇನ್ನೊಂದು ಕ್ಯೂಡಿ ಓಲೆಡ್, 2022ರಲ್ಲಿ ಬಂದಿದ್ದು, ಸ್ಯಾಮ್‌ಸಂಗ್ ಡಿಸ್‌ಪ್ಲೇಯವರದ್ದು. ಬಣ್ಣ ಕ್ಯೂಡಿಯಲ್ಲಿ ಅದ್ಭುತ. ಆದರೆ ಅದರ ಮೇಲೆ ಹೊರಗಿನ ಬೆಳಕಿನ ಪ್ರತಿಫಲನ ತಡೆಯೋ ಧ್ರುವೀಕರಣ ಪದರ ಇಲ್ಲ, ಹಾಗಾಗಿ ಕೋಣೆಯ ಬೆಳಕು ಬಿದ್ದಾಗ ಕಪ್ಪು ಕಪ್ಪಾಗಿರಲ್ಲ, ಬೂದು-ನೇರಳೆಗೆ ತಿರುಗುತ್ತೆ. ಕಿಟಕಿ ಪಕ್ಕ ಇರೋ ಮನೆಗೆ ಓಲೆಡ್ಡೇ ಬೇಕು ಅಂದ್ರೆ ಮೊದಲನೇ ಬಗೆ ನೋಡಿ. ಮಳಿಗೆಯಲ್ಲಿ ಟಿವಿ ಆರಿಸೋಕೆ ಹೇಳಿ, ಆರಿದ ಪರದೆ ಮೇಲೆ ಮೊಬೈಲ್ ಟಾರ್ಚ್ ಬಿಡಿ, ವ್ಯತ್ಯಾಸ ಅಲ್ಲೇ ಕಾಣುತ್ತೆ.

ಅಂದಹಾಗೆ "ಕ್ಯೂಎಲ್‌ಇಡಿ" ಅನ್ನೋದು ಓಲೆಡ್ ಅಲ್ಲ. ಅದು ಮಾಮೂಲಿ ಎಲ್‌ಸಿಡಿ, ಹಿಂದೆ ಬ್ಯಾಕ್‌ಲೈಟ್, ನಡುವೆ ಬಣ್ಣ ಹೆಚ್ಚಿಸೋ ಕ್ವಾಂಟಮ್ ಡಾಟ್ ಪದರ. ಹೆಸರಿನ ಅಕ್ಷರ ನೋಡಿ ತಗೊಂಡು ಆಮೇಲೆ ಬೇಜಾರಾದವರನ್ನ ಬಹಳ ನೋಡಿದೀನಿ, ಸಿಟ್ಟು ಬರುತ್ತೆ.

ಹೊಸಗೋಡೆ:
ತುಂಬಾ ಉಪಯೋಗ ಆಗ್ತಿದೆ, ಎಲ್ಲರಿಗೂ ಧನ್ಯವಾದ. ಒಂದು ವಿಷಯ ಬಿಟ್ಟುಹೋಗಿತ್ತು. ಅಮ್ಮ ಯಾವಾಗಲೂ ಬಲಗಡೆ ಒಂಟಿ ಕುರ್ಚಿಯಲ್ಲಿ ಕೂರೋದು, ಬೆನ್ನು ನೋವಿಗೆ ಅದೇ ಹಿತ. ಅಲ್ಲಿಂದ ಟಿವಿ ಓರೆಯಾಗಿ ಕಾಣುತ್ತೆ.

ಚುಕ್ಕಿ_ಚಿತ್ತಾರ:
ಹಾಗಿದ್ರೆ ಮಿನಿ ಎಲ್‌ಇಡಿಯಲ್ಲಿ ಪ್ಯಾನೆಲ್ ಯಾವ ಬಗೆ, ವಿಎನಾ ಐಪಿಎಸ್ಸಾ ಅನ್ನೋದು ಮುಖ್ಯ ಆಗುತ್ತೆ. ವಿಎ ಪ್ಯಾನೆಲ್‌ನಲ್ಲಿ ಕಾಂಟ್ರಾಸ್ಟ್ (ಬಿಳಿಗೂ ಕಪ್ಪಿಗೂ ಇರೋ ಬೆಳಕಿನ ಅಂತರ) 3000:1, ಅದಕ್ಕಿಂತ ಮೇಲೂ ಇರುತ್ತೆ, ಕಪ್ಪು ಚೆನ್ನಾಗಿ ಬರುತ್ತೆ. ಆದರೆ ಓರೆಯಿಂದ ನೋಡಿದ್ರೆ ಮುಖದ ಬಣ್ಣ ಬಿಳಿಚಿಕೊಳ್ಳುತ್ತೆ. ಐಪಿಎಸ್ ಪ್ಯಾನೆಲ್ ಪಕ್ಕದಿಂದಲೂ ಚೆನ್ನ, ಆದರೆ ಕಾಂಟ್ರಾಸ್ಟ್ 1000:1ರ ಆಸುಪಾಸು, ರಾತ್ರಿ ಕಪ್ಪು ಬೂದಿಯ ಹಾಗೆ ಕಾಣುತ್ತೆ. ಕೆಲವು ದುಬಾರಿ ವಿಎ ಟಿವಿಗಳಿಗೆ ಕೋನ ಅಗಲ ಮಾಡೋ ಪದರ ಹಾಕಿರ್ತಾರೆ. ಓಲೆಡ್‌ಗೆ ಈ ಸಮಸ್ಯೆನೇ ಇಲ್ಲ, ಇದು ಒಪ್ಪಬೇಕಾದ ಮಾತು.

ಕಪ್ಪುಮೋಡ:
🙏 ಒಬ್ಬರಾದರೂ ಒಪ್ಪಿದ್ರಲ್ಲ.

ಅಳತೆಗಾರ:
ಅಂಗಡಿಗೆ ಹೋದಾಗ ಅಮ್ಮ ಕೂರೋ ಕೋನದಲ್ಲೇ ನಿಂತು ನೋಡಿ. ಎದುರು ನಿಂತು ನೋಡಿದ್ರೆ ಎಲ್ಲ ಟಿವಿನೂ ಚೆಂದ. ಮತ್ತೆ ಅಲ್ಲಿ ಎಲ್ಲವನ್ನೂ "ವಿವಿಡ್" ಮೋಡ್‌ನಲ್ಲಿ ಇಟ್ಟಿರ್ತಾರೆ. ರಿಮೋಟ್ ಕೇಳಿ ತಗೊಂಡು "ಸಿನಿಮಾ" ಇಲ್ಲ "ಫಿಲ್ಮ್‌ಮೇಕರ್" ಮೋಡ್‌ಗೆ ಹಾಕಿ, ಆಮೇಲೆ ಹೋಲಿಸಿ.

ಗುಡುಗುಪೆಟ್ಟಿಗೆ:
ಧ್ವನಿ ಬಗ್ಗೆ ಯಾರೂ ಮಾತಾಡ್ತಿಲ್ಲ! ಇಷ್ಟು ತೆಳ್ಳಗಿನ ಟಿವಿಯೊಳಗೆ ಸ್ಪೀಕರ್ ಇಡೋಕೆ ಜಾಗ ಎಲ್ಲಿ? ಸೌಂಡ್‌ಬಾರ್ ತಗೊಳ್ಳೇಬೇಕು. ಅದಕ್ಕೂ ಪೋರ್ಟಿಗೂ ಸಂಬಂಧ ಇದೆ. ಎಷ್ಟೋ ಟಿವಿಗಳಲ್ಲಿ ನಾಲ್ಕು ಎಚ್‌ಡಿಎಂಐ ಇದ್ರೂ 4ಕೆ 120 ತಗೊಳ್ಳೋದು ಎರಡೇ, ಅದರಲ್ಲಿ ಒಂದು ಸೌಂಡ್‌ಬಾರ್‌ಗೆ ಧ್ವನಿ ಕಳಿಸೋ ಇಎಆರ್‌ಸಿ ಪೋರ್ಟೇ ಆಗಿರುತ್ತೆ. ಸೌಂಡ್‌ಬಾರ್ ಅಲ್ಲಿ ಕೂತರೆ ಕನ್ಸೋಲ್‌ಗೆ ಒಂದು ಉಳೀತು. ನಾಳೆ ಇನ್ನೊಂದು ಕನ್ಸೋಲೋ ಪಿಸಿನೋ ಬಂದ್ರೆ ದಿನಾ ವೈರ್ ಕಿತ್ತು ಹಾಕೋ ಕೆಲಸ. ಟಿವಿಯ ಹಿಂದೆ ಪ್ರತಿ ಪೋರ್ಟ್ ಪಕ್ಕ ಸಣ್ಣ ಅಕ್ಷರದಲ್ಲಿ ಬರೆದಿರ್ತಾರೆ, "4ಕೆ 120" ಒಂದರ ಪಕ್ಕ, "ಇಎಆರ್‌ಸಿ" ಇನ್ನೊಂದರ ಪಕ್ಕ. ಬಗ್ಗಿ ಓದಿ. ಎರಡೂ ಒಂದೇ ಪೋರ್ಟಿನ ಮೇಲಿದ್ರೆ ಹುಷಾರು.

ಪೆಂಗ್ವಿನ್_ಪ್ರೇಮಿ:
ಪಿಸಿ ಮಾತು ಬಂತಲ್ಲ, ಪಿಸಿಯಲ್ಲಿ ವಿಂಡೋಸ್ ಬದಲು ಲಿನಕ್ಸ್ ಹಾಕಿ ಗೇಮ್ ಆಡೋರು ಗಮನಿಸಿ. ಎಎಂಡಿ ಗ್ರಾಫಿಕ್ಸ್ ಕಾರ್ಡಿಗೆ ಮುಕ್ತ ಡ್ರೈವರ್ ಮೂಲಕ ಎಚ್‌ಡಿಎಂಐ 2.1 ಕೊಡೋ ಪ್ರಸ್ತಾವವನ್ನ ಎಚ್‌ಡಿಎಂಐ ನಿಯಮ ರೂಪಿಸೋ ಎಚ್‌ಡಿಎಂಐ ಫೋರಂ 2024ರಲ್ಲಿ ತಳ್ಳಿಹಾಕಿತು. ಕಾರ್ಡಿನಲ್ಲಿ ಶಕ್ತಿ ಇದೆ, ಟಿವಿಯಲ್ಲಿ ಶಕ್ತಿ ಇದೆ, ನಡುವೆ ಪರವಾನಗಿ ಅಡ್ಡ ನಿಂತಿತು. ಪಿಸಿಯ ಇನ್ನೊಂದು ಜೋಡಣೆ ಡಿಸ್‌ಪ್ಲೇಪೋರ್ಟ್ ಟಿವಿಗಳಲ್ಲಿ ಸಾಮಾನ್ಯವಾಗಿ ಇರೋದೇ ಇಲ್ಲ. ಇದು ಅನ್ಯಾಯ ಅಂತಲೇ ನನ್ನ ಅಭಿಪ್ರಾಯ.

ಮಲ್ಲಿಗಿದಂಡಿ:
ಅವರು ಪಿಎಸ್5 ಅಂದಾರ್ರಿ, ಲಿನಕ್ಸ್ ಯಾಕ್ ತಂದ್ರಿ ನಡುವ 😄

ಪೆಂಗ್ವಿನ್_ಪ್ರೇಮಿ:
ಏಳೆಂಟು ವರ್ಷದ ಮಾತು ಅಂದ್ರಲ್ಲ, ಅದಕ್ಕೇ ಹೇಳಿದೆ. ಅಷ್ಟರೊಳಗೆ ಎಷ್ಟು ಜನ ಪಿಸಿಗೆ ಬರ್ತಾರೋ.

ರಿಮೋಟ್_ರಾಣಿ:
ಡಾಲ್ಬಿ ವಿಷನ್ (ಬೆಳಕು-ನೆರಳಿನ ವಿವರ ಹೆಚ್ಚು ತೋರಿಸೋ ಎಚ್‌ಡಿಆರ್‌ನ ಒಂದು ಬಗೆ) ಇರೋದೇ ತಗೊಳ್ಳಿ.

ಜಾಯ್‌ಸ್ಟಿಕ್_ಜಗ್ಗ:
@ರಿಮೋಟ್_ರಾಣಿ ಓಟಿಟಿ ಸಿನಿಮಾಗೆ ಸರಿ, ಗೇಮಿಂಗ್‌ಗೆ ಅಂದ್ರೆ ಪಿಎಸ್5ಗೆ ಅದರ ಪ್ರಯೋಜನ ಇಲ್ಲ. ಅದರಲ್ಲಿ ಎಚ್‌ಡಿಆರ್10 ಮಾತ್ರ. ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್‌ನಲ್ಲಿ ಡಾಲ್ಬಿ ವಿಷನ್ ಗೇಮ್ ಇದೆ. ಇನ್ನು ಸ್ಯಾಮ್‌ಸಂಗ್ ಟಿವಿಗಳಲ್ಲಿ ಡಾಲ್ಬಿ ವಿಷನ್ ಕೊಟ್ಟಿಲ್ಲ, ಬದಲಿಗೆ ಎಚ್‌ಡಿಆರ್10 ಪ್ಲಸ್. ಆ ಒಂದು ಹೆಸರಿಗೋಸ್ಕರ ಒಳ್ಳೇ ಟಿವಿ ಬಿಡಬೇಡಿ.

ಅದಕ್ಕಿಂತ ಹತ್ತು ಪಟ್ಟು ಮುಖ್ಯ ಕನ್ಸೋಲ್‌ನಲ್ಲಿ ಎಚ್‌ಡಿಆರ್ ಹೊಂದಿಸೋದು. ಮೊದಲು ಟಿವಿಯ ಗೇಮ್ ಮೋಡ್‌ನಲ್ಲಿ ಎಚ್‌ಡಿಆರ್ ಬೆಳಕನ್ನ ಪರದೆಯ ಶಕ್ತಿಗೆ ಹೊಂದಿಸೋ ಟೋನ್ ಮ್ಯಾಪಿಂಗ್ ಅಂತ ಇರುತ್ತೆ, ಅದನ್ನ "ಎಚ್‌ಜಿಐಜಿ"ಗೆ ಹಾಕಿ. ಆಮೇಲೆ ಪಿಎಸ್5 ಸೆಟ್ಟಿಂಗ್ಸ್‌ನಲ್ಲಿ ಸ್ಕ್ರೀನ್ ಮತ್ತು ವಿಡಿಯೋ ಒಳಗೆ ಎಚ್‌ಡಿಆರ್ ಹೊಂದಿಸಿ ಅಂತ ಬರುತ್ತೆ. ಒಂದಾದ ಮೇಲೊಂದು ಮೂರು ಪರದೆ, ಪ್ರತಿಯೊಂದರಲ್ಲೂ ಒಂದು ಸೂರ್ಯನ ಗುರುತು. ಮೊದಲ ಎರಡರಲ್ಲಿ ಬಿಳಿ ಮೇಲೆ ಆ ಗುರುತು ಇನ್ನೇನು ಮಾಯ ಆಯ್ತು ಅನ್ನೋ ಹಂತಕ್ಕೆ ಏರಿಸಿ ನಿಲ್ಲಿಸಿ. ಮೂರನೇದು ಕಪ್ಪಿಗೆ, ಓಲೆಡ್ ಆದ್ರೆ ಪೂರ್ತಿ ಕೆಳಗೆ ಇಳಿಸಬಹುದು. ಇದನ್ನ ಮಾಡದೇನೆ "ಎಚ್‌ಡಿಆರ್ ಮಂಕು" ಅನ್ನೋರು ಬಹಳ.

ಮಂದಬೆಳಕು:
ಗೇಮ್ ಮೋಡ್ ವಿಷಯಕ್ಕೆ ಒಂದು ಸೇರ್ಪಡೆ. ಅದು ಹಾಕದೆ ಆಡಿದ್ರೆ ಟಿವಿ ಚಿತ್ರ ತಿದ್ದೋಕೆ ಹೊತ್ತು ತಗೊಳ್ಳುತ್ತೆ, ಗುಂಡಿ ಒತ್ತಿದ್ದು 100 ಮಿಲಿಸೆಕೆಂಡ್ ತಡವಾಗಿಯೂ ಕಾಣಬಹುದು. ಗೇಮ್ ಮೋಡ್‌ನಲ್ಲಿ ಒಳ್ಳೇ ಟಿವಿಗಳು 10ರ ಹತ್ತಿರಕ್ಕೆ ಇಳೀತವೆ. ಆದರೆ ಕೆಲವು ಮಿನಿ ಎಲ್‌ಇಡಿ ಟಿವಿಗಳಲ್ಲಿ ಗೇಮ್ ಮೋಡ್ ಹಾಕಿದ ತಕ್ಷಣ ವಲಯಗಳ ನಿಯಂತ್ರಣ ಸಡಿಲ ಆಗಿ ಕಪ್ಪು ಬೂದಾಗುತ್ತೆ. ಮಿನಿ ಎಲ್‌ಇಡಿ ಪರ ಮಾತಾಡ್ತಿದ್ರೂ ಇದನ್ನ ಮುಚ್ಚಿಡಲ್ಲ. ಕೊಳ್ಳೋ ಮಾಡೆಲ್ಲಿನ ವಿಮರ್ಶೆಯಲ್ಲಿ ಈ ಭಾಗ ಹುಡುಕಿ ಓದಿ.

ಕಪ್ಪುಮೋಡ:
ನಾನೂ ಒಂದು ಹೇಳ್ತೀನಿ ಹಾಗಾದ್ರೆ. ಓಲೆಡ್‌ನಲ್ಲಿ ಪಿಕ್ಸೆಲ್ ಕ್ಷಣದಲ್ಲಿ ಬದಲಾಗೋದ್ರಿಂದ 30 ಫ್ರೇಮಿನ ಗೇಮುಗಳು ಜಗ್ಗಿದ ಹಾಗೆ ಕಾಣ್ತವೆ. ವಿಆರ್‌ಆರ್ ಹಾಕಿದಾಗ ಕತ್ತಲ ದೃಶ್ಯದಲ್ಲಿ ಮಿನುಗು ಬರೋದೂ ಉಂಟು. ಇದ್ದರೂ ನನ್ನ ಆಯ್ಕೆ ಅದೇ.

ಸ್ಕ್ರೂಡ್ರೈವರ್:
75 ಇಂಚು ಅಂದ್ರೆ ಸುಮಾರು 30 ಕಿಲೋ. ಗೋಡೆ ಟೊಳ್ಳೋ ಗಟ್ಟಿಯೋ ತಟ್ಟಿ ನೋಡಿ, ಅದಕ್ಕೆ ತಕ್ಕ ಬೋಲ್ಟು ಹಾಕಿಸಿ. ಹಿಂಬದಿಯ ತೂತುಗಳ ಅಂತರ ಅಳೆದು ಬ್ರಾಕೆಟ್ ತಗೊಳ್ಳಿ, 400×300, 600×400 ಅಂತ ಬೇರೆ ಬೇರೆ ಇರ್ತವೆ. ತೀರಾ ಎತ್ತರಕ್ಕೆ ಹಾಕಬೇಡಿ, ಕೂತಾಗ ಕಣ್ಣು ಪರದೆ ಮಧ್ಯಕ್ಕೆ ಬರಲಿ. ಹಿರಿಯರಿಗೆ ಕತ್ತು ನೋವು ಬರೋದು ಇದರಿಂದಲೇ.

ರಿಮೋಟ್_ರಾಣಿ:
ಸ್ಮಾರ್ಟ್ ಭಾಗದ ಬಗ್ಗೆ ನನ್ನ ಅನುಭವ. ಪರದೆ ಹತ್ತು ವರ್ಷ ಬಂದ್ರೂ ಒಳಗಿನ ಸಾಫ್ಟ್‌ವೇರ್ ಅಷ್ಟು ವರ್ಷ ಬರಲ್ಲ. ಆ್ಯಪ್‌ಗಳು ನಿಧಾನ ಆಗ್ತವೆ, ಕೆಲವು ನಿಂತೇ ಹೋಗ್ತವೆ. ಆಗ ಒಂದು ಸ್ಟ್ರೀಮಿಂಗ್ ಸ್ಟಿಕ್ ಹಾಕಿದ್ರೆ ಆಯ್ತು, ಹಾಗಾಗಿ ಗೂಗಲ್ ಟಿವಿನಾ ಟೈಝೆನ್ನಾ ವೆಬ್‌ಓಎಸ್ಸಾ ಅಂತ ತಲೆ ಕೆಡಿಸ್ಕೋಬೇಡಿ. ಆದರೆ ಮೊದಲ ದಿನವೇ ಸೆಟ್ಟಿಂಗ್ಸ್‌ಗೆ ಹೋಗಿ, ನೀವು ಏನು ನೋಡ್ತೀರಿ ಅಂತ ಗುರುತು ಹಿಡಿದು ಜಾಹೀರಾತಿಗೆ ಬಳಸೋ ಸೌಲಭ್ಯ ಆರಿಸಿ. ಶುರುವಿನಲ್ಲಿ ಎಲ್ಲದಕ್ಕೂ "ಒಪ್ಪಿದೆ" ಒತ್ತಿದ್ರೆ ಅದು ಚಾಲೂ ಆಗಿಬಿಟ್ಟಿರುತ್ತೆ. ಮನೆಯೊಳಗಿನ ವಿಷಯ ಹೊರಗಿನವರಿಗೆ ಯಾಕೆ ಬೇಕು?

ಹೊಸಗೋಡೆ:
ಗೋಡೆಗೆ ಪೇಪರ್ ಹಚ್ಚಿ ನೋಡಿದ್ವಿ. 75 ದೊಡ್ಡದು ಅಂತ ಯಾರಿಗೂ ಅನ್ನಿಸಲಿಲ್ಲ, ಅಪ್ಪನಿಗಂತೂ ಇದೇ ಬೇಕಂತೆ. ಆದರೆ ಮಧ್ಯಾಹ್ನ ಮೂರರ ಹೊತ್ತಿಗೆ ಎಡ ಅರ್ಧದ ಮೇಲೆ ನೇರ ಬೆಳಕು ಬೀಳ್ತಿದೆ, ಪರದೆಬಟ್ಟೆ ಹಾಕಿದ್ರೆ ಅಮ್ಮನಿಗೆ ಕತ್ತಲು ಅನ್ಸುತ್ತೆ. ಹಾಗಾಗಿ ಮಿನಿ ಎಲ್‌ಇಡಿ ಕಡೆಗೇ ವಾಲಿದೀವಿ, ಆದರೆ ಓರೆಯಿಂದ ಚೆನ್ನಾಗಿ ಕಾಣೋ ಮಾಡೆಲ್ ಮಾತ್ರ. ಅಮ್ಮನನ್ನೂ ಕರ್ಕೊಂಡು ಹೋಗಿ ಪಕ್ಕದಿಂದ ತೋರಿಸಿ ತರ್ತೀನಿ. @ಕಪ್ಪುಮೋಡ ಬೇಜಾರು ಮಾಡ್ಕೋಬೇಡಿ.

ಕಪ್ಪುಮೋಡ:
ಬೇಜಾರಿಲ್ಲ ಸರ್. ಅಮ್ಮ ಒಪ್ಪಿದ್ದೇ ತಗೊಳ್ಳಿ. ರಾತ್ರಿ ಆಡೋವಾಗ ಟಿವಿ ಹಿಂದೆ ಒಂದು ಮಂದ ದೀಪ ಇಡಿ, ಪ್ರಭೆ ಅಷ್ಟಾಗಿ ಕಣ್ಣಿಗೆ ಹೊಡೆಯಲ್ಲ.

ಸ್ಕ್ರೂಡ್ರೈವರ್:
ಡಬ್ಬ ನಿಂತ ಹಾಗೇ ಬರಬೇಕು, ಮಲಗಿಸಿ ತಂದಿದ್ರೆ ಪ್ಯಾನೆಲ್ ಬಿರುಕು ಬಿಡಬಹುದು. ಬಿಚ್ಚಿದ ಮೇಲೆ ಪರದೆ ಮಧ್ಯಕ್ಕೆ ಕೈ ಹಾಕಿ ಎತ್ತಬೇಡಿ, ಇಬ್ಬರು ಕೆಳ ಅಂಚು ಮತ್ತು ಬದಿ ಹಿಡೀಬೇಕು. ಪೂರ್ತಿ ಬೂದು ಬಣ್ಣದ ಚಿತ್ರ ಹಾಕಿ ಕಲೆ, ಪಟ್ಟೆ ಇದೆಯಾ ನೋಡಿ. ಅಲ್ಲಿಯವರೆಗೂ ಡಬ್ಬ, ಥರ್ಮಾಕೋಲ್ ಎಸೀಬೇಡಿ.

ಮಲ್ಲಿಗಿದಂಡಿ:
ನಂದೂ ಒಂದ್ ಪ್ರಶ್ನೆ ಐತ್ರಿ. ಹಳೇ ಎಚ್‌ಡಿಎಂಐ ವೈರ್ ನಡೀತೈತೋ, ಹೊಸಾದು ತರಬೇಕೋ?

ಗುಡುಗುಪೆಟ್ಟಿಗೆ:
ಪಿಎಸ್5 ಡಬ್ಬದಲ್ಲೇ ಸರಿಯಾದ ವೈರ್ ಬಂದಿರುತ್ತೆ, ಅದನ್ನೇ ಹಾಕಿ. ಬೇರೆ ತಗೊಳ್ಳೋದಾದ್ರೆ "ಅಲ್ಟ್ರಾ ಹೈ ಸ್ಪೀಡ್" ಅಂತ ಬರೆದು, ಸ್ಕ್ಯಾನ್ ಮಾಡೋ ಚೀಟಿ ಅಂಟಿಸಿರೋದು ನೋಡಿ ತಗೊಳ್ಳಿ. ಚಿನ್ನದ ಲೇಪ ಅಂತ ಹೆಚ್ಚು ದುಡ್ಡು ಕೊಡಬೇಡಿ. ಉದ್ದ ಮೂರು ಮೀಟರ್ ದಾಟಿಸಬೇಡಿ, ದಾಟಿದ್ರೆ 4ಕೆ 120ಯಲ್ಲಿ ಚಿತ್ರ ನಡುನಡುವೆ ಕಪ್ಪಾಗೋ ಸಾಧ್ಯತೆ ಹೆಚ್ಚು.